ಮೊದಲು ಗಿಡಗಳ ಲೆಕ್ಕ, ಆಮೇಲೆ ಜೆಸಿಬಿ

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಬಂಧುಗಳೇ,

ವೇದಾವತಿಯಲ್ಲಾಗಲಿ ಚಿನ್ನಹಗರಿಯಲ್ಲಾಗಲಿ ಹೂಳೆತ್ತುವ, ಪಾತ್ರ ‘ಸ್ವಚ್ಛ’ ಮಾಡುವ ಕೆಲಸಕ್ಕೆ ಒಪ್ಪಿಗೆ ಕೊಡುವ ಮುನ್ನ ಗ್ರಾಮ ಪಂಚಾಯಿತಿಗಳು ಅಲ್ಲಿ ಬೆಳೆಯುವ ಗಿಡಗಳ ಪಟ್ಟಿ ಮಾಡಿಸಬೇಕು. ವರ್ಷದ ಬಹುಪಾಲು ಬರೀ ಮರಳು ಕಾಣುವ ಹೊಳೆಯಲ್ಲಿ ಗಿಡ ಎಲ್ಲಿವೆ ಎಂದು ನಗುವವರಿದ್ದಾರೆ. ಹೊಳೆ ಒಣಗುವುದರಿಂದಲೇ ಅಲ್ಲಿ ಬಗೆಬಗೆಯ ಗಿಡಗಳಿಗೆ ಜಾಗ ಸಿಗುತ್ತದೆ. ನೀರು ಒಂದೇ ಮಟ್ಟದಲ್ಲಿ ನಿಂತ ಕಡೆ ಜಂಬುಹುಲ್ಲಿನಂಥ ಒಂದೆರಡು ಜಾತಿ ಎದ್ದು ಉಳಿದವನ್ನು ಅಮುಕಿಬಿಡುತ್ತವೆ. ನೀರು ಏರಿ ಇಳಿಯುವ ಬಯಲುಸೀಮೆಯ ಹೊಳೆಯಲ್ಲಿ ಹಾಗಲ್ಲ: ಮಡುವಿನ ಅಂಚಿನ ಕೆಸರಿಗೆ ಹೊನಗೊನ್ನೆ, ಗರುಗ, ನೀರುಬ್ರಾಹ್ಮಿ, ಹಸಿ ಮರಳಿಗೆ ಕೊನ್ನಾರಿ, ಗರಿಕೆ, ದಡಕ್ಕೆ ಲಕ್ಕಿ, ಈಚಲು, ಹೊಂಗೆ, ಹೊಳೆಮತ್ತಿ. ಮಳೆ ತೀರಾ ಕಡಿಮೆಯಿರುವ ನಮ್ಮ ಸೀಮೆಯಲ್ಲಿ ಕೆಸರು ಬೇಡುವ ಗಿಡ ಹೊಳೆ, ಹಳ್ಳ, ಕೆರೆಯಂಗಳ ಬಿಟ್ಟು ಇನ್ನೆಲ್ಲಿಗೆ ಹೋದೀತು?

1907ರಲ್ಲಿ ವಾಣಿವಿಲಾಸ ಸಾಗರ ಅಣೆಕಟ್ಟು ಕಟ್ಟಿ ಮುಗಿದ ಮೇಲೆ ಕೆಳಗಿನ ವೇದಾವತಿಗೆ ದೊಡ್ಡ ಹೊಳೆ ಬರುವುದೇ ಅಪರೂಪವಾಯಿತು. 1933ರಲ್ಲಿ ಕೋಡಿ ಬಿದ್ದ ಜಲಾಶಯ ಮತ್ತೆ ಕೋಡಿ ಬಿದ್ದದ್ದು 89 ವರ್ಷದ ನಂತರ, 2022ರಲ್ಲಿ. ಆಮೇಲೆ 2025ರ ಜನವರಿಯಲ್ಲಿ. ನಡುವೆ ಹೆಚ್ಚಾಗಿ ಸ್ಥಳೀಯ ಮಳೆಯ ನೀರೇ ಗತಿ. ಇಂಥ ಹೊಳೆ ನೀರು ಬಂದೊಡನೆ ಚಿಗುರಬೇಕಾದರೆ ಮಣ್ಣಿನಲ್ಲಿ ಬೀಜ ಕಾದಿರಬೇಕು. ಎಷ್ಟು ಬೀಜ ಎಂಬುದಕ್ಕೆ ಡಾರ್ವಿನ್ ಒಂದು ಲೆಕ್ಕ ಕೊಟ್ಟಿದ್ದಾನೆ. ಪುಟ್ಟ ಕೊಳವೊಂದರ ಅಂಚಿನಿಂದ ಮೂರು ದೊಡ್ಡ ಚಮಚ ಕೆಸರು ತಂದು ಆರು ತಿಂಗಳು ಮುಚ್ಚಿಟ್ಟು, ಮೊಳೆತದ್ದನ್ನೆಲ್ಲ ಕಿತ್ತು ಎಣಿಸಿದ: 537 ಸಸಿ, ಹಲವು ಜಾತಿಯವು. ಅದು ಇಂಗ್ಲೆಂಡಿನ ಕೆಸರು, ನಮ್ಮ ಹೊಳೆಗೆ ಅದೇ ಸಂಖ್ಯೆ ಹೊಂದಬೇಕಿಲ್ಲ. ಆದರೂ ಜೆಸಿಬಿ ಒಂದು ಬಕೆಟ್ ಮೇಲ್ಮಣ್ಣು ಎತ್ತಿದಾಗ ಲಾರಿಗೆ ಏನೇನು ಹೋಗುತ್ತದೆ ಎಂದು ಊಹಿಸಲು ಅಷ್ಟು ಸಾಕು. ಮರಳೂ ಹೋದರೆ ಒರತೆ ಆರುತ್ತದೆ. ಬೀಜ ಉಳಿದರೂ ಮೊಳೆಯಲು ಹಸಿ ಇರುವುದಿಲ್ಲ.

ಗಿಡ ಬಿಟ್ಟರೆ ನೀರಿಗೆ ತಡೆಯಾಗುತ್ತದೆ ಎನ್ನುತ್ತಾರೆ. ಹೆಚ್ಚಾಗಿ ತಡೆಯುವುದು ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ ಬಂದ ಈ ಗಿಡದ ಕಾಯಿಯನ್ನು ಕುರಿ, ಮೇಕೆ ತಿಂದು ಹಿಕ್ಕೆಯಲ್ಲಿ ಬೀಜ ಬಿತ್ತುತ್ತವೆ. ಕಡಿದರೆ ಬುಡ ಮತ್ತೆ ಚಿಗುರುತ್ತದೆ. ಅದನ್ನು ಬೇರುಸಹಿತ ಕೀಳಲಿ, ಕಟ್ಟಿಗೆ ಇದ್ದಿಲು ಸುಡುವ ಬಡವರಿಗೆ ಸಿಗಲಿ. ಆದರೆ ಜಾಲಿಯ ನೆಪದಲ್ಲಿ ಲಕ್ಕಿ, ಹೊಂಗೆಯನ್ನೂ ಬಳಿದುಹಾಕುವುದು ಕಂತ್ರಾಟುದಾರನಿಗೆ ಸುಲಭ, ದಡಕ್ಕೆ ನಷ್ಟ: ದಡದ ಮಣ್ಣು ಹಿಡಿದಿರುವುದೇ ಆ ಬೇರುಗಳು. ಹಾಗಾದರೆ ಹೊಳೆಗೆ ಅಡ್ಡಲಾಗಿ ನೀರು ನಿಲ್ಲಿಸುವ ಬ್ಯಾರೇಜೂ ಬೇಡವೇ ಎಂದರೆ, ಬೇಕು. ಶೇಂಗಾ ಬಿತ್ತಿ ಮುಗಿಲು ನೋಡುವ ರೈತನಿಗೆ ನೀರು ಬೇಡ ಎನ್ನುವ ಹಕ್ಕು ಯಾರಿಗೂ ಇಲ್ಲ. ಹೊಳೆಯುದ್ದಕ್ಕೂ ಒಂದರ ಹಿನ್ನೀರು ಇನ್ನೊಂದಕ್ಕೆ ತಾಗುವಂತೆ ಕಟ್ಟಬೇಡಿ, ನಡುವೆ ಏರಿಳಿಯುವ ನೀರಿಗೂ ಜಾಗ ಬಿಡಿ ಎಂಬುದಷ್ಟೇ ನಮ್ಮ ಮಾತು.

ಪಟ್ಟಿ ಮಾಡಲು ಹೊಸ ಕಾನೂನು ಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ಸೊಪ್ಪು ಕೊಯ್ಯುವ ಹೆಂಗಸರು, ಕುರಿಗಾಹಿಗಳು, ನಾಟಿ ವೈದ್ಯರನ್ನು ಕರೆದುಕೊಂಡು ಹೊಳೆಗಿಳಿದು ಬರೆಯಲಿ. ಮಳೆಗಾಲ ಮುಗಿದಾಗ ಒಮ್ಮೆ, ಬೇಸಿಗೆಯಲ್ಲಿ ಮತ್ತೊಮ್ಮೆ, ಏಕೆಂದರೆ ಎರಡು ಕಾಲದ ಗಿಡಗಳು ಬೇರೆ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಆ ದಾಖಲಾತಿ ತೋರಿಸಿ ಎಂದು ಕೇಳಿ. ಅದರಲ್ಲಿ ಹೊಳೆಯ ಗಿಡಗಳ ಪುಟ ಇಲ್ಲದಿದ್ದರೆ, ಅದು ತುಂಬುವವರೆಗೆ ಹೂಳೆತ್ತುವ ಕಾಮಗಾರಿಗೆ ಸಹಿ ಬೀಳಬಾರದೆಂದು ನಡಾವಳಿಯಲ್ಲಿ ಬರೆಸಿ.