ಹೆಸರು ಕೇಳಬೇಡಿ, ಸ್ಕೋರ್ ಕೇಳಿ!

ಕರಾವಳಿಯ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ಮಳೆ ನಿಂತಿತು. ಕೊಯ್ಲು ಮುಗಿಯುತ್ತಾ ಬಂತು. ಇನ್ನು ಶನಿವಾರ ಭಾನುವಾರ ಬಂತೆಂದರೆ ಪಂದ್ಯಾಟ! ಹೊನಲು ಬೆಳಕಿನ ಕಬಡ್ಡಿ, ಅಂಡರ್‌ಆರ್ಮ್ ಕ್ರಿಕೆಟ್, ವಾಲಿಬಾಲ್, ಹಗ್ಗಜಗ್ಗಾಟ. ಬಸ್‌ಸ್ಟ್ಯಾಂಡಿನ ಸುತ್ತ ಫ್ಲೆಕ್ಸೋ ಫ್ಲೆಕ್ಸು.

ಆ ಫ್ಲೆಕ್ಸನ್ನು ಒಮ್ಮೆ ಪೂರ್ತಿ ಓದಿ. ಪ್ರಥಮ ಬಹುಮಾನ ಎಷ್ಟು ಅಂತ ದೊಡ್ಡಕ್ಷರದಲ್ಲಿ ಇದೆ. ಕೆಳಗೆ ಸಣ್ಣಕ್ಷರದಲ್ಲಿ ಏನಿದೆ? ‘ಸಮಾಜ ಬಾಂಧವರಿಗೆ ಮಾತ್ರ.’ ಎಷ್ಟೋ ಕಡೆ ಬರೆಯುವುದೂ ಇಲ್ಲ. ಬರೆಯದೆಯೇ ಎಲ್ಲರಿಗೂ ಗೊತ್ತು!

ಪಂದ್ಯಾಟದ ಮೇಜಿನ ಹತ್ತಿರ ನೀವೂ ನಿಂತಿದ್ದೀರಿ, ನಾವೂ ನಿಂತಿದ್ದೇವೆ. ಕ್ಯಾಪ್ಟನ್ ಪ್ರವೇಶ ಶುಲ್ಕ ಕೊಟ್ಟು ಹೆಸರು ಹೇಳುತ್ತಾ ಹೋಗುತ್ತಾನೆ. ಬರೆಯುವವನ ಪೆನ್ನು ಏಳನೇ ಹೆಸರಿಗೆ ನಿಲ್ಲುತ್ತದೆ.

‘ಇವ ಯಾರು?’

‘ನಮ್ಮ ಕೀಪರ್.’

‘ಗೊತ್ತುಂಟು ಮಾರಾಯ. ಆದ್ರೆ ಈ ಸಲ ಬೇಡ. ಸುಮ್ಮನೆ ಗಲಾಟೆ ಆಗ್ತದೆ.’

ಕ್ಯಾಪ್ಟನ್ ಮಾತಾಡುವುದಿಲ್ಲ. ಉಳಿದ ಒಂಬತ್ತು ಮಂದಿಯೂ ಮಾತಾಡುವುದಿಲ್ಲ. ಆ ಹುಡುಗ ಗ್ಲೌಸನ್ನು ಬ್ಯಾಗಿಗೆ ತುರುಕಿ, ರಸ್ತೆ ಬದಿ ನಿಲ್ಲಿಸಿದ ಬೈಕಿನ ಮೇಲೆ ಕೂತು ಆಟ ನೋಡುತ್ತಾನೆ. ಮುಂದಿನ ವಾರ ನೋಡುವುದಕ್ಕೂ ಬರುವುದಿಲ್ಲ. ಯಾಕೆ ಬರಬೇಕು?

ಇದು ಒಂದೇ ಕಡೆಯ ಕಥೆ ಅಂದುಕೊಳ್ಳಬೇಡಿ. ಈ ಊರಲ್ಲಿ ಅವನ ಹೆಸರು ಸಾಬಿಯದ್ದು, ಆ ಊರಲ್ಲಿ ಹಿಂದುವಿನದ್ದು. ಮತ್ತೊಂದು ಕಡೆ ಅವನು ಕೊಂಕಣಿ ಮಾತಾಡುವ ಕ್ರೈಸ್ತರ ಹುಡುಗ. ಜಾತಿಯ ಕಾರಣಕ್ಕೆ ಹೊರಗೆ ನಿಂತವರಿಗಂತೂ ಲೆಕ್ಕವೇ ಇಲ್ಲ. ಅವಮಾನಕ್ಕೆ ಧರ್ಮ ಉಂಟಾ ಮಾರಾಯ್ರೇ?

ಅವಮಾನಕ್ಕೇ ನಿಂತಿದ್ದರೆ ನಾವು ಈ ಕಾಗದ ಹಂಚುತ್ತಿರಲಿಲ್ಲ.

2025ರ ಏಪ್ರಿಲ್ 27, ಭಾನುವಾರ. ಮಂಗಳೂರಿನ ಹೊರವಲಯದ ಕುಡುಪು. ನಮ್ಮ ನಿಮ್ಮಂಥ ಹುಡುಗರದೇ ಕ್ರಿಕೆಟ್ ಪಂದ್ಯಾಟ. ಕಾಶ್ಮೀರದ ಪಹಲ್ಗಾಮಿನಲ್ಲಿ ಉಗ್ರರು ಪ್ರವಾಸಿಗರನ್ನು ಕೊಂದು ಐದೇ ದಿನ ಆಗಿತ್ತು. ಎಲ್ಲರ ಎದೆಯೂ ಕುದಿಯುತ್ತಿತ್ತು. ಅಲ್ಲಿಗೆ ಬಂದ ಒಬ್ಬ ಮನುಷ್ಯ. ಕೇರಳದ ವಯನಾಡಿನವನು. ಮುಸ್ಲಿಂ. ಗುಜರಿ ಹೆಕ್ಕಿ ಹೊಟ್ಟೆ ಹೊರೆಯುತ್ತಿದ್ದವನು. ಮನಸ್ಸಿನ ಆರೋಗ್ಯ ಸರಿ ಇರಲಿಲ್ಲ ಎಂದು ಮನೆಯವರು ಹೇಳಿದರು. ಆಟ ನಡೆಯುತ್ತಿದ್ದ ಜಾಗದಲ್ಲೇ ಅವನನ್ನು ಗುಂಪು ಹೊಡೆಯಿತು. ಅವನು ಸತ್ತ!

ಪಾಕಿಸ್ತಾನದ ಪರ ಘೋಷಣೆ ಕೂಗಿದ ಎಂದರು. ಕೂಗಿದನೋ ಇಲ್ಲವೋ, ಅದನ್ನು ನೋಡಲು ಠಾಣೆ ಉಂಟು, ಕೋರ್ಟು ಉಂಟು. ವಿಕೆಟ್ ಕಿತ್ತು ನ್ಯಾಯ ಹೇಳಲು ನಮ್ಮನ್ನು ಕರೆದವರು ಯಾರು?

ಅವನ ಮನೆಯಲ್ಲಿ ತಾಯಿತಂದೆಯ ಎದೆ ಒಡೆಯಿತು. ಇಲ್ಲಿ ಇಪ್ಪತ್ತರಷ್ಟು ಜನ ಕೊಲೆ ಕೇಸಿನಲ್ಲಿ ಒಳಗೆ ಹೋದರು. ಮೂವರು ಪೊಲೀಸರು ಅಮಾನತಾದರು. ಆಟ ನೋಡಲು ಹೋದ ಮಗ ಸಂಜೆ ಮನೆಗೆ ಬರಲಿಲ್ಲ, ಜೈಲಿಗೆ ಹೋದ ಎಂದು ಕೇಳಿದ ತಾಯಂದಿರ ಹೊಟ್ಟೆ ಹೇಗೆ ಉರಿದಿರಬೇಡ? ಯಾರು ಏನು ಮಾಡಿದರು ಎಂದು ಕೋರ್ಟು ಹೇಳುತ್ತದೆ. ತಪ್ಪು ಮಾಡಿದವರಿಗೆ ಶಿಕ್ಷೆ ಆಗಲೇಬೇಕು. ಆದರೆ ವಕೀಲರ ಫೀಸು ಆವತ್ತಿನಿಂದಲೇ ಶುರು!

ಅಲ್ಲಿಗೇ ಮುಗಿಯಲಿಲ್ಲ. ಮೇ 1ಕ್ಕೆ ಬಜಪೆಯಲ್ಲಿ ಇನ್ನೊಂದು ಕೊಲೆ. ಸತ್ತವನು ಹಿಂದು. ಮೇ 27ಕ್ಕೆ ಬಂಟ್ವಾಳ ತಾಲೂಕಿನಲ್ಲಿ ಮತ್ತೊಂದು. ಸತ್ತವನು ಮುಸ್ಲಿಂ. ಒಂದೇ ತಿಂಗಳು! 2022ರ ಜುಲೈಯನ್ನು ಮರೆತಿರಾ? ಬೆಳ್ಳಾರೆ, ಸುರತ್ಕಲ್. ಹತ್ತು ದಿನದೊಳಗೆ ಮೂವರು ಹುಡುಗರ ಕೊಲೆ! ಕೆಲವರು ಮೊಬೈಲಿನಲ್ಲಿ ಹೆಣಗಳನ್ನು ರನ್ನಿನ ಹಾಗೆ ಎಣಿಸಿದರು. ಆ ಕಡೆ ಒಂದು, ಈ ಕಡೆ ಒಂದು. ಥೂ!

ಈಗ ಕೇಳಿ, ಹುಡುಗರೇ. ಎಫ್‌ಐಆರ್‌ನಲ್ಲಿ ಹೆಸರು ಬಿತ್ತೋ, ಪಾಸ್‌ಪೋರ್ಟಿನ ಪೊಲೀಸ್ ವೆರಿಫಿಕೇಶನ್‌ನಲ್ಲಿ ತೊಡಕು ಶುರು. ಪಾಸ್‌ಪೋರ್ಟ್ ಇಲ್ಲದವನಿಗೆ ದುಬೈ ಇಲ್ಲ, ಕತಾರ್ ಇಲ್ಲ, ಹಡಗಿನ ಕೆಲಸವೂ ಇಲ್ಲ. ತಂಗಿಯ ಮದುವೆ ಸಾಲ ತೀರಿಸುವವರು ಯಾರು? ನಿಮ್ಮನ್ನು ಎತ್ತಿಕಟ್ಟಿದ ಮುಖಂಡರ ಮಗನೋ? ಅವನು ಎಲ್ಲಿದ್ದಾನೆ ಅಂತ ಒಮ್ಮೆ ವಿಚಾರಿಸಿ ನೋಡಿ! ಗದ್ದೆಯಲ್ಲಿ ಬರಿಗಾಲಲ್ಲಿ ಓಡುವವರು ನಾವು. ಠಾಣೆಯ ಬೆಂಚಿನ ಮೇಲೆ ಕೂರುವವರೂ ನಾವೇ.

ಒಂದು ಪಂದ್ಯಾಟ ನಿಂತರೆ ಯಾರಿಗೆ ನಷ್ಟ? ಚರುಮುರಿ ಗಾಡಿಯವನಿಗೆ. ಲೈಟಿನವನಿಗೆ, ಮೈಕಿನವನಿಗೆ. ಐಸ್‌ಕ್ಯಾಂಡಿ ಮಾರುವ ಅಜ್ಜನಿಗೆ. ಕಾಪುವಿನ ಮಾರಿಗುಡಿ ಜಾತ್ರೆಗೆ ಮುಸ್ಲಿಂ ವ್ಯಾಪಾರಿಗಳು ಬರಬೇಡಿ ಅಂತ 2022ರಲ್ಲಿ ಬ್ಯಾನರ್ ಬಿತ್ತು. ಆಗ ನಾವು ಸುಮ್ಮನಿದ್ದೆವು. ಈಗ ಪಂದ್ಯಾಟ ಆಡುವ ಬಾಕಿಮಾರು ಗದ್ದೆಯ ಗಡಿಗೂ ಅದೇ ಕಾಯಿಲೆ ಬಂದಿದೆ. ಇನ್ನೂ ಸುಮ್ಮನಿರುವುದಾ?

ನಮ್ಮವರೇ ಆಡಿದರೆ ನಮಗೇ ಒಳ್ಳೆಯದು ಎನ್ನುವವರಿಗೆ ಒಂದು ಹಳೆಯ ಸಂಗತಿ. ಮುಂಬಯಿಯಲ್ಲಿ ಹಿಂದೆ ಧರ್ಮಕ್ಕೊಂದು ಕ್ರಿಕೆಟ್ ತಂಡ ಇತ್ತು. ಹಿಂದೂಗಳದ್ದು, ಮುಸ್ಲಿಮರದ್ದು, ಪಾರ್ಸಿಗಳದ್ದು, ಬ್ರಿಟಿಷರದ್ದು. 1937ರಲ್ಲಿ ಉಳಿದವರದ್ದೂ ಸೇರಿ ಐದು ತಂಡ. ಹಿಂದೂ ತಂಡದ ದೊಡ್ಡ ಬೌಲರ್ ಯಾರು ಗೊತ್ತಾ? ಪಲವಂಕರ್ ಬಾಲೂ. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, ದಲಿತರ ಮನೆಯಲ್ಲಿ. 1911ರಲ್ಲಿ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತವರು!

ಆದರೆ ಪುಣೆಯಲ್ಲಿ ಅವರದೇ ತಂಡದವರು ಒಳಗೆ ಕೂತು ಚಹಾ ಕುಡಿದರೆ ಬಾಲೂಗೆ ಹೊರಗೆ ಮಣ್ಣಿನ ಲೋಟ. ಬೌಲಿಂಗ್ ಬೇಕು, ಪಂಕ್ತಿ ಬೇಡ! ಅವರನ್ನು ಹಿಂದೂ ತಂಡದ ಕ್ಯಾಪ್ಟನ್ ಮಾಡಲೇ ಇಲ್ಲ. ತಮ್ಮ ವಿಠ್ಠಲ್‌ಗೆ ಆ ಜಾಗ ಸಿಕ್ಕಿದ್ದು 1923ರಲ್ಲಿ. ನಮ್ಮವರದ್ದೇ ತಂಡ ಅಂತ ಹೊರಟವರು ನಮ್ಮೊಳಗೇ ಮತ್ತೆ ಗೆರೆ ಎಳೆಯುತ್ತಾರೆ. ಇವತ್ತು ಅವನ ಹೆಸರು ಹೊಡೆಯುವ ಪೆನ್ನು ನಾಳೆ ನಿಮ್ಮ ಮನೆತನ ಕೇಳುತ್ತದೆ!

1940ರಲ್ಲಿ ಗಾಂಧೀಜಿಯೇ ಈ ಧರ್ಮದ ಪಂದ್ಯಾಟ ಬೇಡ ಎಂದರು. 1946ರಲ್ಲಿ ಅದು ನಿಂತಿತು. ಮುಂಬಯಿ ಬಿಟ್ಟ ಕಸವನ್ನು ನಾವು ಈಗ ಹೆಕ್ಕಿ ತರುತ್ತಿದ್ದೇವೆ!

ಭಾರತದ ಬೌಲರ್ ಮೊಹಮ್ಮದ್ ಶಮಿಯ ಕಥೆ ನೋಡಿ. 2021ರ ಅಕ್ಟೋಬರಿನಲ್ಲಿ ಭಾರತ ದುಬೈಯಲ್ಲಿ ಪಾಕಿಸ್ತಾನದ ಎದುರು ಸೋತಿತು. ಸೋತದ್ದು ಹನ್ನೊಂದು ಜನ. ಬೈಗುಳ ಬಿದ್ದದ್ದು ಒಬ್ಬನಿಗೆ, ಅವನ ಹೆಸರು ನೋಡಿ. ಎರಡು ವರ್ಷ ಕಳೆದು ವಿಶ್ವಕಪ್ ಸೆಮಿಫೈನಲ್‌ನಲ್ಲಿ ಅವನೇ ಏಳು ವಿಕೆಟ್ ಕಿತ್ತಾಗ ಬೈದವರೇ ಪಟಾಕಿ ಹಚ್ಚಿದರು. ಗೆದ್ದರೆ ನಮ್ಮವನು, ಸೋತರೆ ಅವರವನು! ಹಾಗಾದರೆ 1983ರ ಕಪ್ಪನ್ನು ಏನು ಮಾಡುತ್ತೀರಿ? ಅಲ್ಲಿ ಕೀಪಿಂಗ್ ಮಾಡಿದವರು ನಮ್ಮ ಸೈಯದ್ ಕಿರ್ಮಾನಿ. 18 ವಿಕೆಟ್ ಕಿತ್ತವರು ನಮ್ಮ ರೋಜರ್ ಬಿನ್ನಿ. ಇಬ್ಬರೂ ಕರ್ನಾಟಕಕ್ಕೆ ಆಡಿದವರು. ಆ ಮೇಜಿನ ಎದುರು ನಿಂತಿದ್ದರೆ ಇಬ್ಬರೂ ಬೈಕಿನ ಮೇಲೆ ಕೂತು ಆಟ ನೋಡಬೇಕಿತ್ತು!

ಸಾಕು. ಈ ಸೀಸನ್ನಿಗೆ ಇದು ನಡೆಯಬಾರದು. ನಡೆಯಲು ನಾವು ಬಿಡಬಾರದು!

ಕ್ಯಾಪ್ಟನ್‌ಗಳೇ, ನಿಮ್ಮ ತಂಡದ ಒಂದು ಹೆಸರು ಹೊಡೆದರೆ ಹನ್ನೊಂದೂ ಹೆಸರು ವಾಪಸ್ ತೆಗೆಯಿರಿ. ಹಣ ವಾಪಸ್ ಕೇಳಿ. ಕೊಡದಿದ್ದರೆ ಹೋಗಲಿ, ಮರ್ಯಾದೆ ಉಳಿಯಿತು. ನಾಲ್ಕು ತಂಡ ಹೀಗೆ ಎದ್ದು ಹೋದರೆ ಐದನೇ ವಾರ ಯಾವ ಸಂಘಟಕನೂ ಹೆಸರು ನೋಡಿ ಮುಖ ತಿರುಗಿಸುವುದಿಲ್ಲ.

ವೀಕ್ಷಕ ವಿವರಣೆ ಮಾಡುವವರೇ, ಮೈಕ್ ನಿಮ್ಮ ಕೈಯಲ್ಲಿದೆ. ಗಲಾಟೆ ಎದ್ದ ಕೂಡಲೇ ‘ಆಟ ನಿಂತಿದೆ, ಎಲ್ಲರೂ ಗೆರೆಯಾಚೆ ಹೋಗಿ’ ಎಂದು ಕೂಗಿ. ಒಬ್ಬನ ಮೇಲೆ ಹತ್ತು ಜನ ಬಿದ್ದದ್ದು ಕಂಡರೆ ವಿಡಿಯೋ ಮಾಡುತ್ತಾ ನಿಲ್ಲಬೇಡಿ. ಮೊದಲು 112ಕ್ಕೆ ಫೋನ್ ಮಾಡಿ. ಅವನನ್ನು ಆಸ್ಪತ್ರೆಗೆ ಸಾಗಿಸಿ. ಕುಡುಪುವಿನಲ್ಲಿ ಆ ಕೆಲಸ ಹೊತ್ತಿಗೆ ಆಗಲಿಲ್ಲ!

ಟ್ರೋಫಿ ಕೊಡುವ ಧಣಿಗಳೇ, ನಿಮ್ಮ ಅಂಗಡಿಗೆ ಎಲ್ಲರೂ ಬರುತ್ತಾರೆ. ನಿಮ್ಮ ದುಡ್ಡಿನ ಪಂದ್ಯಾಟಕ್ಕೂ ಎಲ್ಲರೂ ಬರಲಿ. ‘ಮಾತ್ರ’ ಎಂಬ ಪದ ಇರುವ ಫ್ಲೆಕ್ಸಿಗೆ ಒಂದು ರೂಪಾಯಿಯೂ ಕೊಡಬೇಡಿ.

ಅಮ್ಮಂದಿರೇ, ಗಲಾಟೆಗೆ ಹೆದರಿ ಮಕ್ಕಳನ್ನು ಮನೆಯಲ್ಲಿ ಕೂರಿಸಬೇಡಿ. ನೀವೂ ಬನ್ನಿ. ಕುರ್ಚಿ ಹಾಕಿ ಮುಂದಿನ ಸಾಲಲ್ಲಿ ಕೂತುಕೊಳ್ಳಿ. ತಾಯಂದಿರು ಎದುರಿಗೆ ಕೂತಿರುವಾಗ ಕೈ ಎತ್ತುವವನು ಎರಡು ಸಲ ಯೋಚಿಸುತ್ತಾನೆ.

ನಿಮ್ಮೂರಿನ ಪಂದ್ಯಾಟ ಯಾವತ್ತು? ಅದಕ್ಕೆ ಒಂದು ವಾರ ಮೊದಲು, ಭಾನುವಾರ ಸಂಜೆ ನಾಲ್ಕಕ್ಕೆ ಅದೇ ಗದ್ದೆಗೆ ಬನ್ನಿ. ದೇವಸ್ಥಾನದ ಕೇರಿಯವರು, ಮಸೀದಿಯ ಕೇರಿಯವರು, ಇಗರ್ಜಿಯ ಕಡೆಯವರು ಎಲ್ಲರೂ ಬನ್ನಿ. ಬ್ಯಾಟು, ಬಾಲು ತನ್ನಿ. ಚೀಟಿ ಎತ್ತಿ ತಂಡ ಮಾಡೋಣ.

ಈ ಕಾಗದ ಓದಿ ಬಿಸಾಡಬೇಡಿ. ಬಸ್ಸಿನಲ್ಲಿ ಪಕ್ಕದವರಿಗೆ ಕೊಡಿ.

ಇಂತು,
ಕರಾವಳಿಯಲ್ಲಿ ಆಡುವವರು ಮತ್ತು ಆಟ ನೋಡುವವರು