ಕೊಳವೆಯ ಲೆಕ್ಕದಲ್ಲಿ ರೈತನಿಗೆ ಪಾಲೆಷ್ಟು?

ಶ್ರೀನಿವಾಸಪುರದ ಮಾವಿನ ತೋಪಿಗೂ ನೈಸರ್ಗಿಕ ಅನಿಲದ ಸಾಗಣೆ ದರಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧವಿದೆ, ಅದು ನೆಲದಡಿಯಲ್ಲಿ ಹೂತುಹೋಗಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ.

2013ರಲ್ಲಿ ದಾಭೋಲ್–ಬೆಂಗಳೂರು ಕೊಳವೆಮಾರ್ಗದ ಮೂಲಕ ಅನಿಲವು ಸುಮಾರು ಸಾವಿರ ಕಿಲೋಮೀಟರ್ ದೂರದಿಂದ ನಮ್ಮ ರಾಜ್ಯಕ್ಕೆ ಬಂದಿತು. ಆಗ ಒಂದೊಂದು ಮಾರ್ಗಕ್ಕೂ ಪ್ರತ್ಯೇಕ ದರವಿದ್ದು, ದೂರ ಬೆಳೆದಂತೆ ದರವೂ ಬೆಳೆಯುತ್ತಿತ್ತು. ಕರಾವಳಿಯಿಂದ ದೂರವಿರುವುದೇ ಕೋಲಾರದಂತಹ ಜಿಲ್ಲೆಗಳ ಅಪರಾಧವೆಂಬಂತಿತ್ತು. ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿಯು 2023ರ ಏಪ್ರಿಲ್ 1ರಿಂದ ಏಕೀಕೃತ ದರವನ್ನು ಜಾರಿಗೆ ತಂದು ದೇಶದ ಜಾಲಕ್ಕೆ ಮೂರು ದೂರವಲಯಗಳನ್ನು ಗೊತ್ತುಪಡಿಸಿತು. 2026ರ ಜನವರಿ 1ರಿಂದ ಅವು ಎರಡಾದವು. ಅಡುಗೆಮನೆಯ ಮತ್ತು ವಾಹನಗಳ ಅನಿಲಕ್ಕೆ ಎಲ್ಲೆಡೆಯೂ ಮೊದಲ ವಲಯದ ದರವೇ ಅನ್ವಯವಾಯಿತು. ಅಂಚೆಚೀಟಿಯಂತೆ ದೂರದ ಹೊರೆಯನ್ನು ಎಲ್ಲರೂ ಹಂಚಿಕೊಳ್ಳುವ ಈ ಕ್ರಮ ಸ್ವಾಗತಾರ್ಹ.

ಆದರೆ ದರದ ಒಳಲೆಕ್ಕವನ್ನೂ ನೋಡಬೇಕು. ಕೊಳವೆಗೆ ಹೂಡಿದ ಬಂಡವಾಳ, ನಿರ್ವಹಣಾ ವೆಚ್ಚ, ಹರಿಯಬಹುದಾದ ಅನಿಲದ ಪ್ರಮಾಣ ಇವೆಲ್ಲವನ್ನೂ ಕೊಳವೆಯ ಆಯುಷ್ಯದುದ್ದಕ್ಕೂ ಲೆಕ್ಕಹಾಕಿ, ತೆರಿಗೆಯ ನಂತರ ಶೇ. 12ರಷ್ಟು ಪ್ರತಿಫಲ ದೊರೆಯುವಂತೆ ದರವನ್ನು ನಿಗದಿಪಡಿಸಲಾಗುತ್ತದೆ.

ಇನ್ನು ಭೂಮಿಯ ವಿಚಾರ. 1962ರ ಕಾಯ್ದೆಯಂತೆ ಕೊಳವೆಗಾಗಿ ಪಡೆಯುವುದು ಬಳಕೆಯ ಹಕ್ಕನ್ನು ಮಾತ್ರ, ಒಡೆತನ ರೈತನದೇ. ಆದರೆ ಆ ಪಟ್ಟಿಯಲ್ಲಿ ಆತ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ರಾಗಿ, ಟೊಮೇಟೊ ಬೆಳೆಯಬಹುದು, ಮಾವು ಸಾಧ್ಯವಿಲ್ಲ. ಮಳೆಯನ್ನೇ ನಂಬಿದ ಮುಳಬಾಗಿಲು, ಮಾಲೂರುಗಳ ರೈತನಿಗೆ ಹೊಂಡ ತೋಡುವ ಸ್ವಾತಂತ್ರ್ಯವಿಲ್ಲದ ನೆಲವೆಂದರೆ ಅರ್ಧ ನೆಲವೇ ಸರಿ. ಇದಕ್ಕೆ ಕಾಯ್ದೆಯು ಹೇಳುವ ಪರಿಹಾರ, ಬೆಳೆ ಮತ್ತು ಮರಗಳ ನಷ್ಟವಲ್ಲದೆ, ಭೂಮಿಯ ಮಾರುಕಟ್ಟೆ ಬೆಲೆಯ ಶೇ. 10, ಅದೂ ಒಂದೇ ಬಾರಿ.

ಕೊಳವೆಗೆ ಆಯುಷ್ಯವಿಡೀ ಪ್ರತಿಫಲ, ಅದನ್ನು ಹೊತ್ತ ನೆಲಕ್ಕೆ ಒಂದು ದಿನದ ಪರಿಹಾರ: ಈ ಅಸಮತೋಲನ ಸಲ್ಲದು. ನನ್ನ ಸಲಹೆ ಸರಳ. ನೆಲದ ಮೇಲಿನ ನಿರ್ಬಂಧಕ್ಕೆ ವಾರ್ಷಿಕ ಬಾಡಿಗೆಯನ್ನು ಗೊತ್ತುಪಡಿಸಿ, ಅದನ್ನು ನಿರ್ವಹಣಾ ವೆಚ್ಚವೆಂದೇ ದರದಲ್ಲಿ ಸೇರಿಸಬೇಕು. ಅನಿಲದ ಬೆಲೆ ಏರುವುದೆಂಬ ಆಕ್ಷೇಪ ಬರಬಹುದು. ಏರಲಿ, ಇಂದು ಒಬ್ಬನೇ ರೈತ ಹೊರುತ್ತಿರುವ ನಷ್ಟವನ್ನು ಆಗ ಅನಿಲ ಬಳಸುವವರೆಲ್ಲರೂ ಹೊರುತ್ತಾರೆ. ದೂರದ ಹೊರೆಯನ್ನು ಹಂಚಿಕೊಂಡ ದೇಶಕ್ಕೆ ನೆಲದ ಹೊರೆಯನ್ನು ಹಂಚಿಕೊಳ್ಳುವುದು ಅಸಾಧ್ಯವೇನಲ್ಲ.

ದರ ನಿಗದಿಗೆ ಮುನ್ನ ಮಂಡಳಿಯು ಸಾರ್ವಜನಿಕರ ಅಭಿಪ್ರಾಯವನ್ನು ಕೇಳುತ್ತದೆ. ಕಂಪನಿಗಳು ತಪ್ಪದೆ ಬರೆಯುತ್ತವೆ. ನಮ್ಮ ಗ್ರಾಮಸಭೆಗಳೂ ವಿದ್ಯಾರ್ಥಿಗಳೂ ಬರೆಯಲಿ.