ಘಾಟಿ ಇಳಿದ ಬಾಟಲಿ

ನಮ್ಮ ಶಾಲೆಯಿಂದ ನಿವೃತ್ತರಾದ ಕನ್ನಡ ಪಂಡಿತರು ಮೊನ್ನೆ ಮಡಿಕೇರಿಗೆ ಹೋಗಿದ್ದರು, ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದ ಗೆಳೆಯನನ್ನು ನೋಡಲು. ಗೆಳೆಯನಿಗೆ ಈಗ ಮರೆವು. ಇವರ ಹೆಸರೂ ಬಾಯಿಗೆ ಬರಲಿಲ್ಲವಂತೆ. ಆದರೂ ಬಸ್‌ಸ್ಟ್ಯಾಂಡಿನವರೆಗೆ ಬಂದು ಕೈಗೊಂದು ನೀರಿನ ಬಾಟಲಿ ಕೊಟ್ಟರು.

ಪಂಡಿತರು ನೀರೆಲ್ಲ ಅಲ್ಲೇ ಕುಡಿದು, ಮುಚ್ಚಳ ಬಿಗಿದು ಚೀಲದಲ್ಲಿಟ್ಟರು. ಸಂಪಾಜೆ ಘಾಟಿ ಇಳಿದು ಮಂಗಳೂರಿನ ಮಗಳ ಮನೆಯಲ್ಲಿ ತೆಗೆದರೆ ಬಾಟಲಿಯ ಎರಡೂ ಪಕ್ಕ ಒಳಕ್ಕೆ ತಗ್ಗಿತ್ತು! "ಅಜ್ಜ, ಇದರ ಮೇಲೆ ಕೂತಿದ್ದಿರಾ?" ಎಂದಳು ಮೊಮ್ಮಗಳು.

ಕೂತದ್ದು ಅಜ್ಜನಲ್ಲ, ಗಾಳಿ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿ ವಾಯುಒತ್ತಡ ಮಂಗಳೂರಿಗಿಂತ ಹೆಚ್ಚುಕಡಿಮೆ ಎಂಟನೇ ಒಂದು ಪಾಲು ಕಡಿಮೆ. ಅಲ್ಲಿ ಮುಚ್ಚಿದ ತೆಳುಗಾಳಿಯನ್ನು ಕೆಳಗಿನ ದಟ್ಟಗಾಳಿ ಅದುಮಿತು. ಘಾಟಿಯಲ್ಲಿ ಕಿವಿ ಕಟ್ಟುವುದೂ ಹೀಗೆಯೇ. ಎಂಜಲು ನುಂಗಿದರೆ ಗಂಟಲಿನಿಂದ ಕಿವಿಗಿರುವ ಸಣ್ಣ ನಾಳ ತೆರೆದು ಒತ್ತಡ ಸಮನಾಗುತ್ತದೆ. (ನೆಗಡಿಯಾದವರಿಗೆ ಅದು ಸುಲಭವಲ್ಲ; ಪಂಡಿತರಿಗೆ ನೆಗಡಿಯಿತ್ತು, ಕಿವಿನೋವೂ ಬಂತು!)

"ಮುಚ್ಚಳ ತೆಗೆಯಿರಿ, ಬಾಟಲಿ ಉಬ್ಬುತ್ತದೆ. ಮಗುವಿಗೂ ತೋರಿಸಿದಂತಾಯಿತು" ಎಂದು ಫೋನಿನಲ್ಲಿ ಹೇಳಿದೆ.

ಪಂಡಿತರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಅವಳಿಗೆ ಬೇರೆ ಬಾಟಲಿ ಕೊಡೋಣ ಮೇಷ್ಟ್ರೇ. ಇದರಲ್ಲಿರೋದು ಅವನ ಊರಿನ ಗಾಳಿ."